ಸೋನಿ 200–600 ಲೆನ್ಸ್: ಭದ್ರಾ ಹಿನ್ನೀರಿಗೆ ಸೈ, ಬಿಸಿಲೆ ಕಾಡಿಗೆ ಕಷ್ಟ

ಸೋನಿ ಕ್ಯಾಮೆರಾ ಹಿಡಿದು ಹಕ್ಕಿ, ಪ್ರಾಣಿ ಅಂತ ಕಾಡು ಸುತ್ತುವವರು ಇವತ್ತಲ್ಲ ನಾಳೆ ಬಂದು ನಿಲ್ಲುವುದು ಈ ಲೆನ್ಸಿನ ಮುಂದೆಯೇ: ಎಫ್ಇ 200–600 ಮಿ.ಮೀ. ಎಫ್/5.6–6.3 ಜಿ ಒಎಸ್ಎಸ್. ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಟೆಸ್ಟ್ ಚಾರ್ಟಿನ ಮೇಲೆ ಎಷ್ಟು ಶಾರ್ಪ್ ಎಂಬುದನ್ನು ಎಲ್ಲರೂ ಬರೆದಾಗಿದೆ. ಚಿಕ್ಕಮಗಳೂರು, ಹಾಸನದ ಮಳೆ, ಮಂಜು, ನೆರಳಿಗೆ ಇದು ಒಗ್ಗುತ್ತದೆಯೇ, ಇದೊಂದನ್ನೇ ನಂಬಿ ಕೀನ್ಯಾ ವಿಮಾನ ಹತ್ತಬಹುದೇ ಎಂಬುದು ಇಲ್ಲಿನವರಿಗೆ ಬೇಕಾದ ಮಾತು. ನೆತ್ತಿಯ ಮೇಲೆ ಆಕಾಶ ಕಾಣುವ ಕಡೆಯೆಲ್ಲ ಇದು ಚೆನ್ನಾಗಿ ದುಡಿಯುತ್ತದೆ, ಮರದಡಿಗೆ ಹೋದರೆ ಒದ್ದಾಡಿಸುತ್ತದೆ.

ಇದರ ದೊಡ್ಡ ಗುಣ ಜೂಮ್ ಒಳಗೊಳಗೇ ನಡೆಯುವುದು. 200ರಿಂದ 600ಕ್ಕೆ ತಿರುಗಿಸಿದರೂ ಕೊಳವೆ ಹೊರಗೆ ಚಾಚುವುದಿಲ್ಲ, ಉದ್ದ 318 ಮಿ.ಮೀ.ಯಲ್ಲೇ ನಿಲ್ಲುತ್ತದೆ. ಕೊಳವೆ ಚಾಚುವ ಲೆನ್ಸುಗಳು ಪ್ರತಿ ಸಲ ಹೊರಗಿನ ಗಾಳಿಯನ್ನು ಒಳಕ್ಕೆಳೆಯುತ್ತವೆ. ಆ ಗಾಳಿಯ ಜೊತೆ ಮುತ್ತೋಡಿ ಜೀಪ್ ದಾರಿಯ ಧೂಳೂ ಬರುತ್ತದೆ, ಮುಳ್ಳಯ್ಯನಗಿರಿಯ ಮಂಜಿನ ತೇವವೂ ಬರುತ್ತದೆ. ಇಲ್ಲಿ ಆ ಕಾಟ ಕಮ್ಮಿ. ಭಾರ ಮುಂದಕ್ಕೆ ಜರುಗದ ಕಾರಣ ಗಿಂಬಲ್ ಹೆಡ್ಡನ್ನು (ಭಾರದ ಲೆನ್ಸನ್ನು ತೂಗಿಸಿ ಹಿಡಿಯುವ ಟ್ರೈಪಾಡ್ ತಲೆ) ಮತ್ತೆ ಮತ್ತೆ ಸರಿಮಾಡಬೇಕಿಲ್ಲ. ಜೂಮ್ ರಿಂಗ್ ಎಷ್ಟು ಹಗುರ ಎಂದರೆ ಒಂದೇ ಬೆರಳಿಗೆ ತಿರುಗುತ್ತದೆ. 200ರಲ್ಲಿ ಹಕ್ಕಿಯನ್ನು ಹುಡುಕಿ 600ಕ್ಕೆ ಎಳೆಯುವಷ್ಟರಲ್ಲಿ ಕಣ್ಣು ವ್ಯೂಫೈಂಡರ್ ಬಿಡಬೇಕಾಗಿಲ್ಲ.

ಇದೆಲ್ಲ ಚೆನ್ನಾಗಿ ಗೊತ್ತಾಗುವುದು ಲಕ್ಕವಳ್ಳಿಯ ಬೋಟ್ ಸಫಾರಿಯಲ್ಲಿ. ಬೇಸಿಗೆ ಹತ್ತಿರವಾದಂತೆ ಭದ್ರಾ ಹಿನ್ನೀರು ಇಳಿದು ನಡುಗಡ್ಡೆಗಳು ತಲೆ ಎತ್ತುತ್ತವೆ. ರಿವರ್ ಟರ್ನ್ ಎಂಬ ನೀರುಹಕ್ಕಿಗಳು ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಮೀನಿಗೆ ಧುಮುಕುವ ಟರ್ನ್ ಹಿಡಿಯಲು ಶಟರ್ 1/2500 ಸೆಕೆಂಡ್, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ, ಎಫ್ ಅಂಕಿ ದೊಡ್ಡದಾದಷ್ಟೂ ಕಿರಿದು) ಎಫ್/6.3, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ. ಹಿನ್ನೆಲೆಯ ನೀರು ಕಪ್ಪಾಗಿದ್ದರೆ ಮೀಟರ್ ಮೋಸಹೋಗಿ ಹಕ್ಕಿಯ ತಿಳಿಬಣ್ಣದ ಎದೆ ವಿವರವಿಲ್ಲದೆ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ −0.7ಕ್ಕೆ ಇಳಿಸಿಟ್ಟುಕೊಳ್ಳಿ. ಇನ್ನೊಂದು ತೊಡಕು ಫೋಕಸಿನದು. ಮರಿ ಮಾಡುವ ಕಾಲಕ್ಕೆ ಟರ್ನ್‌ನ ನೆತ್ತಿ ಕಡುಗಪ್ಪಾಗಿ ಕಣ್ಣು ಆ ಕಪ್ಪಿನೊಳಗೇ ಮುಳುಗಿರುತ್ತದೆ. ಹಕ್ಕಿಯ ಕಣ್ಣು ಗುರುತಿಸುವ ಕ್ಯಾಮೆರಾ ಬಾಡಿಗಳೂ ಇಲ್ಲಿ ಎಡವಿ ಹಳದಿ ಕೊಕ್ಕಿಗೆ ಜಿಗಿಯುತ್ತವೆ. ಹಕ್ಕಿ ಪಕ್ಕಕ್ಕೆ ಹಾರುವಾಗ ಕಣ್ಣು, ಕೊಕ್ಕು ಹೆಚ್ಚುಕಮ್ಮಿ ಒಂದೇ ದೂರದಲ್ಲಿರುವುದರಿಂದ ನಡೆದೀತು. ಎದುರಿಗೆ ಬರುವಾಗ ಮಾತ್ರ ಕಣ್ಣಿನ ಹುಡುಕಾಟ ನಿಲ್ಲಿಸಿ, ಒಂದು ಚೌಕದೊಳಗೆ ಸಿಕ್ಕಿದ್ದನ್ನು ಹಿಡಿಯುವ ಝೋನ್ ಫೋಕಸ್‌ಗೆ ಬದಲಾಯಿಸಿಕೊಳ್ಳುವುದೇ ವಾಸಿ.

ಕೈನಡುಕ ತಡೆಯುವ ಸ್ಟೆಡಿಶಾಟ್‌ಗೆ (ಹೆಸರಿನಲ್ಲಿರುವ ಒಎಸ್ಎಸ್ ಇದೇ) ಮೂರು ಮೋಡ್ ಇವೆ. ಕೂತ ಹಕ್ಕಿಗೆ 1, ಒಂದೇ ದಿಕ್ಕಿನಲ್ಲಿ ಪ್ಯಾನ್ ಮಾಡುವಾಗ 2, ಅಡ್ಡಾದಿಡ್ಡಿ ಹಾರುವ ಟರ್ನ್‌ಗೆ 3. ಬೋಟಿನ ಇಂಜಿನ್ ಓಡುತ್ತಿರುವಾಗ ಲೆನ್ಸನ್ನು ಕಂಬಿಯ ಮೇಲೆ ಊರಬೇಡಿ, ನಡುಕವೆಲ್ಲ ನೇರವಾಗಿ ಲೆನ್ಸಿಗೇ ಇಳಿಯುತ್ತದೆ. ಮೊಣಕೈ ಎದೆಗೊತ್ತಿ ಕೈಯಲ್ಲಿ ಹಿಡಿಯುವುದೇ ಮೇಲು. ಬೆಳಗಿನ ಹತ್ತು ಗಂಟೆಯ ನಂತರ ದೂರದ ಹಕ್ಕಿಯ ಫೋಟೊ ಮೆತ್ತಗೆ ಬಂದರೆ ಲೆನ್ಸನ್ನು ಬೈದು ಪ್ರಯೋಜನವಿಲ್ಲ. ಕಾದ ನೆಲ, ನೀರಿನ ಮೇಲಿನ ಗಾಳಿ ಕುದಿಯುವಂತೆ ಅಲುಗಾಡುತ್ತಿರುತ್ತದೆ, ಯಾವ ಲೆನ್ಸೂ ಅದನ್ನು ದಾಟದು. ಹಾಗಂತ ಬೋಟನ್ನು ನಡುಗಡ್ಡೆಗೆ ಒತ್ತಿ ನಿಲ್ಲಿಸಿ ಎಂದು ಚಾಲಕರನ್ನು ಪೀಡಿಸಬಾರದು. ತಾಯಿಹಕ್ಕಿ ಎದ್ದುಹೋದರೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೇಯುತ್ತದೆ.

ಇನ್ನು ನೆರಳಿನ ಮಾತು. 300 ಮಿ.ಮೀ. ಆಸುಪಾಸಿನಲ್ಲೇ ಅಪರ್ಚರ್ ಎಫ್/6.3ಕ್ಕೆ ಇಳಿದುಬಿಡುತ್ತದೆ. ಎಫ್/4 ಲೆನ್ಸಿಗೂ ಇದಕ್ಕೂ ಒಂದೂ ಕಾಲು ಸ್ಟಾಪಿಗಿಂತ (ಒಂದು ಸ್ಟಾಪ್ ಕಮ್ಮಿಯಾದರೆ ಬೆಳಕು ಅರ್ಧ) ತುಸು ಹೆಚ್ಚೇ ಅಂತರ. ಅದು ಐಎಸ್ಒ 2500ರಲ್ಲಿ ಮುಗಿಸುವ ಕೆಲಸಕ್ಕೆ ಇದು 6400 ಕೇಳುತ್ತದೆ. ಸಕಲೇಶಪುರ ದಾಟಿ ಬಿಸಿಲೆ ಘಾಟಿಯ ಕಾಡಿಗೆ ಇಳಿದರೆ ಮಧ್ಯಾಹ್ನವೂ ಮಬ್ಬು. ಅಲ್ಲಿ ಕೂತ ಮಲಬಾರ್ ಟ್ರೋಗನ್‌ಗೆ 1/200 ಸೆಕೆಂಡಿನಲ್ಲಿ ಹತ್ತಾರು ಫ್ರೇಮ್ ತೆಗೆದು ಅಲುಗದ ಒಂದನ್ನು ಆರಿಸಿಕೊಳ್ಳಬಹುದು. ಟೊಂಗೆಯಿಂದ ಟೊಂಗೆಗೆ ಹಾರುವ ಮಂಗಟ್ಟೆಯನ್ನು ಮರೆತುಬಿಡಿ. ಎಫ್/4ರ 600 ಮಿ.ಮೀ. ಲೆನ್ಸಿನ ತೂಕ 3 ಕೆ.ಜಿ. ಮೇಲೆ, ಬೆಲೆ ಬೇರೆ ಲೋಕದ್ದು. ಹಾಗಾಗಿ ಬರಿ ಮಳೆಕಾಡಿನ ಹಕ್ಕಿಗಳಿಗಾಗಿಯೇ ದುಡ್ಡು ಕೂಡಿಸುತ್ತಿರುವವರು ಈ ಲೆನ್ಸ್ ಕೊಳ್ಳುವ ಮುನ್ನ ಬಾಡಿಗೆಗೆ ತಂದು ಒಂದು ಜೂನ್ ಸಂಜೆ ಮರದಡಿ ಹಿಡಿದು ನೋಡಲಿ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ, 1.4 ಪಟ್ಟು ಹಿಗ್ಗಿಸುವ ಟೆಲಿಕನ್ವರ್ಟರ್ ಹಾಕಿದರೆ 840 ಮಿ.ಮೀ. ಸಿಗುತ್ತದೆ, ಆದರೆ ಅಪರ್ಚರ್ ಎಫ್/9. ಮಲೆನಾಡಿನಲ್ಲಿ ಅದು ದಂಡ.

ಬೆಟ್ಟಗುಡ್ಡದ ಫೋಟೊಗೆ 200ರ ತುದಿ ಮೋಸ ಮಾಡುವುದಿಲ್ಲ. ಬಾಬಾ ಬುಡನ್‌ಗಿರಿ ಸಾಲಿನ ಮಡಿಕೆಗಳು, ಕಣಿವೆಯಲ್ಲಿ ಸಿಕ್ಕಿಕೊಂಡ ಶೋಲಾ ಕಾಡು ಒಂದರ ಹಿಂದೊಂದು ಒತ್ತಾಗಿ ಬರುತ್ತವೆ. ವಿಶಾಲ ನೋಟಕ್ಕೆ ಇನ್ನೊಂದು ಲೆನ್ಸ್ ಬೇಕೇ ಬೇಕು.

ಕಿರಿಕಿರಿಗಳೂ ಇವೆ. ಲೆನ್ಸಿನ ಟ್ರೈಪಾಡ್ ಪಾದ ಆರ್ಕಾ ಹಿಡಿತಕ್ಕೆ (ಬಹಳ ಟ್ರೈಪಾಡುಗಳಲ್ಲಿರುವ ಹಿಡಿಕೆ) ನೇರ ಕೂರುವುದಿಲ್ಲ. ಬೇರೆ ಪ್ಲೇಟ್ ಹಾಕಬೇಕು, ಅದೂ ಒಂದೇ ಸ್ಕ್ರೂದಾದರೆ ತಿರುಚಿಕೊಳ್ಳುತ್ತದೆ. ಪಾದವನ್ನೇ ಬದಲಿಸುವುದು ಒಳ್ಳೆಯದು. ಫಿಲ್ಟರ್ ಅಳತೆ 95 ಮಿ.ಮೀ., ಒಳ್ಳೆಯದಕ್ಕೆ ಕೈ ಸುಡುತ್ತದೆ. ಬಿಳಿ ಬಣ್ಣ ಕಾಡಿನಲ್ಲಿ ದೂರಕ್ಕೇ ಎದ್ದು ಕಾಣುತ್ತದೆ, ಒಂದು ಬಟ್ಟೆ ಕವಚ ತೊಡಿಸಿ. ಫೋಕಸ್ ಲಿಮಿಟರ್ ಸ್ವಿಚ್ಚಿನ ಮೇಲೆ ಸದಾ ಒಂದು ಕಣ್ಣಿರಲಿ. ಅದು 10 ಮೀಟರಿನಿಂದ ಆಚೆಗೆ ಎಂಬಲ್ಲಿದ್ದರೆ ಜೀಪಿನ ಪಕ್ಕಕ್ಕೇ ಬಂದ ನವಿಲಿಗೆ ಫೋಕಸ್ ಕೂರುವುದೇ ಇಲ್ಲ. ಲೆನ್ಸ್ ಕೆಟ್ಟಿತು ಎಂದು ಜನ ಗಾಬರಿಯಾಗುವುದು ಹೆಚ್ಚಾಗಿ ಈ ಸ್ವಿಚ್ಚಿನಿಂದಲೇ. ಪೂರ್ತಿ ವ್ಯಾಪ್ತಿಗೆ ಹಾಕಿದರೆ 2.4 ಮೀಟರ್‌ವರೆಗೂ ಬರುತ್ತದೆ.

ಆದರೆ ನಮ್ಮ ಕಡೆ ಲೆನ್ಸಿನ ನಿಜವಾದ ಶತ್ರು ಬೂಸ್ಟು. ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಚೀಲದೊಳಗೇ ಇಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಕಟ್ಟುತ್ತದೆ, ಒಳಗಿನ ಲೇಪನವನ್ನೇ ತಿನ್ನುತ್ತದೆ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 50 ಶೇಕಡಾ ಇರಲಿ. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಬಟ್ಟೆಯಲ್ಲಿ ಕಟ್ಟಿದ ಕಾಲು ಕೆ.ಜಿ. ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಸಾಕು. ಜೆಲ್‌ನ ಬಣ್ಣ ಬದಲಾದಾಗ ಹದವಾದ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಅಡುಗೆಯ ಬಾಣಲೆ ಬೇಡ. ಏಸಿ ಕಾರಿನಿಂದ ಸೀದಾ ಗಿರಿಯ ಮಂಜಿಗೆ ಲೆನ್ಸ್ ತೆಗೆದರೆ ಗಾಜು ಬೆವರುತ್ತದೆ. ಸೀತಾಳಯ್ಯನಗಿರಿ ತಲುಪುವ ಅರ್ಧ ಗಂಟೆ ಮೊದಲೇ ಏಸಿ ನಿಲ್ಲಿಸಿ ಕಿಟಕಿ ಇಳಿಸಿ.

ವಿದೇಶಕ್ಕೆ ಹೊರಟರೆ ಮೊದಲ ಲೆಕ್ಕ ತೂಕದ್ದು. ಪಾದ ಬಿಟ್ಟು ಲೆನ್ಸೇ 2,115 ಗ್ರಾಂ. ಬಾಡಿ, ಇನ್ನೊಂದು ಲೆನ್ಸ್, ಬ್ಯಾಟರಿ ಸೇರಿದರೆ ಹಲವು ವಿಮಾನಗಳ 7 ಕೆ.ಜಿ. ಕೈಚೀಲದ ಮಿತಿ ಹತ್ತಿರವೇ ಬರುತ್ತದೆ. ಟ್ರೈಪಾಡ್, ಚಾರ್ಜರ್ ದೊಡ್ಡ ಪೆಟ್ಟಿಗೆಗೆ ಹೋಗಲಿ, ಬಿಡಿ ಲಿಥಿಯಂ ಬ್ಯಾಟರಿಗಳು ಮಾತ್ರ ಕೈಚೀಲದಲ್ಲೇ ಇರಬೇಕು. ಕೀನ್ಯಾದ ಮಾಸಾಯಿ ಮಾರಾದಲ್ಲಿ ಚಾವಣಿ ತೆರೆಯುವ ಗಾಡಿಯಿಂದಲೇ ಫೋಟೊ ತೆಗೆಯುವುದರಿಂದ ಟ್ರೈಪಾಡಿಗಿಂತ ಬೀನ್ ಬ್ಯಾಗ್ ಉಪಯೋಗ. ಖಾಲಿ ಚೀಲ ಒಯ್ದು ಅಲ್ಲೇ ಎರಡೂವರೆ ಕೆ.ಜಿ. ಅಕ್ಕಿ ತುಂಬಿಸಿಕೊಳ್ಳಿ (ಊರಲ್ಲಿ ರಾಗಿ ಇನ್ನೂ ಚೆನ್ನಾಗಿ ಕೂರುತ್ತದೆ). ಧೂಳಿಗೆಂದು ಪ್ಲಾಸ್ಟಿಕ್ ಕೈಚೀಲ ಸುತ್ತಿಕೊಂಡು ಹೋಗಬೇಡಿ, ಕೀನ್ಯಾದಲ್ಲಿ 2017ರಿಂದ ಅವಕ್ಕೆ ನಿಷೇಧ. ಮಾರಾದ ಬಯಲಿನಲ್ಲಿ ಬೆಳಕಿಗೆ ಬರವಿಲ್ಲ, ಈ ಲೆನ್ಸಿನ ಎಫ್/6.3 ಅಲ್ಲಿ ಯಾರಿಗೂ ನೆನಪಾಗುವುದಿಲ್ಲ. ಬದಲಿಗೆ ಆನೆ, ಜಿರಾಫೆ ತೀರಾ ಹತ್ತಿರ ಬಂದು 200 ಮಿ.ಮೀ. ಕೂಡ ಹೆಚ್ಚಾಗುತ್ತದೆ. ಎರಡನೇ ಕ್ಯಾಮೆರಾಕ್ಕೆ 24–105 ಮಿ.ಮೀ. ಲೆನ್ಸ್ ಸಿಕ್ಕಿಸಿಟ್ಟಿರಿ.

ಚೀಲ ಚಿಕ್ಕದೇ ಬೇಕೆನ್ನುವವರಿಗೆ ಟ್ಯಾಮ್ರಾನ್ 150–500 ಇದೆ. ಮಡಚಿದಾಗ ಸುಮಾರು 21 ಸೆಂ.ಮೀ., ಟ್ರೈಪಾಡ್ ಕಾಲರ್ ಬಿಟ್ಟರೆ 1,725 ಗ್ರಾಂ, ಆದರೆ ಕೊಳವೆ ಚಾಚುತ್ತದೆ, ಟೆಲಿಕನ್ವರ್ಟರ್ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ 200–600 ಕೊಳ್ಳುವುದಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಇರಲಿ, ಎಳೆ ಎಳೆಯಾಗಿ ಬಿಳಿ ಕಂಡರೆ ಎಷ್ಟು ಅಗ್ಗವಾದರೂ ವಾಪಸ್ ಕೊಡಿ.