ದಮ್ಮು ಇದೆ ಅಂತ ಮೊದಲ ದಿನವೇ ಸರ್ಕ್ಯೂಟ್‌ಗೆ ಇಳಿಯಬೇಡಿ

ಹೋದ ಏಪ್ರಿಲ್‌ನಲ್ಲಿ ನಾನು ಐದು ದಿನ ಆಸ್ಪತ್ರೆಯಲ್ಲಿದ್ದೆ. ಬಿದ್ದಿರಲಿಲ್ಲ, ಜ್ವರ ಬಂದಿರಲಿಲ್ಲ. ನಲವತ್ತು ನಿಮಿಷದ ಒಂದು ಸರ್ಕ್ಯೂಟ್ ಕ್ಲಾಸ್, ಅಂದರೆ ಒಂದರ ಹಿಂದೆ ಒಂದು ಕಸರತ್ತು ಸುತ್ತು ಸುತ್ತಾಗಿ ಮಾಡಿಸುವ ಕ್ಲಾಸ್ ಮಾಡಿದ್ದೆ, ಅಷ್ಟೇ.

ನನಗೆ 39 ವರ್ಷ. ಮೈಸೂರಿನಲ್ಲಿ ಎಂಟು ವರ್ಷದಿಂದ ಓಡುತ್ತಿದ್ದೇನೆ. ವಾರದಲ್ಲಿ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಬಿಪಿ ಇಲ್ಲ, ಶುಗರ್ ಇಲ್ಲ. ಗೆಳೆಯ ಒಂದು ಜಿಮ್‌ಗೆ ಕರೆದಾಗ ಹಿಂದೆ ಮುಂದೆ ನೋಡದೆ ಹೊರಟೆ.

"ಸರ್, ಮೊದಲಿಂದ ಏನಾದ್ರೂ ಮಾಡ್ತಿದ್ದೀರಾ?" ಅಂತ ಟ್ರೈನರ್ ಕೇಳಿದರು. ಹಾಫ್ ಮ್ಯಾರಥಾನ್ ಓಡಿದ್ದೀನಿ ಅಂದೆ. "ಹಾಗಾದ್ರೆ ನೀವು ಅಡ್ವಾನ್ಸ್ಡ್ ಬ್ಯಾಚಿಗೇ ಬನ್ನಿ" ಅಂದರು. ಪುಲ್ ಅಪ್ ಮಾಡಿ ಎಷ್ಟು ದಿನ ಆಯ್ತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ವರ್ಷದ ಮೇಲಾಗಿತ್ತು.

ಪುಲ್ ಅಪ್ ಹತ್ತು, ಪುಷ್ ಅಪ್ ಹದಿನೈದು, ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು) ಇಪ್ಪತ್ತು, ಬರ್ಪಿ (ನೆಲಕ್ಕೆ ಬಗ್ಗಿ ಎದ್ದು ಹಾರುವುದು) ಹತ್ತು. ಹೀಗೆ ಎಂಟು ರೌಂಡ್, ನಡುವೆ ಬಿಡುವಿಲ್ಲ. ಮೂರನೇ ರೌಂಡಿಗೆ ಮೈ ಮೇಲೆತ್ತಲು ಆಗಲಿಲ್ಲ. "ನೆಗೆಟಿವ್ ಮಾಡಿ ಸರ್" ಅಂದರು. ಅಂದರೆ ಪೆಟ್ಟಿಗೆ ಮೇಲಿಂದ ಹಾರಿ ಕಂಬಿ ಹಿಡಿದು, ನಿಧಾನವಾಗಿ ಕೆಳಗೆ ಇಳಿಯುವುದು. ಅದನ್ನು ಸುಮಾರು ಐವತ್ತು ಸಲ ಮಾಡಿದೆ. ಓಡಿ ಓಡಿ ಉಸಿರು ಗಟ್ಟಿಯಾಗಿತ್ತು, ಒಮ್ಮೆಯೂ ಏದುಸಿರು ಬಂದು ಕೂರಲಿಲ್ಲ. ತೋಳು ಮಾತ್ರ ಆಗಲೇ ಸೋತಿತ್ತು. ಏನೂ ಅಭ್ಯಾಸ ಇಲ್ಲದವನಾಗಿದ್ದರೆ ಎರಡನೇ ರೌಂಡಿಗೇ ಸುಸ್ತಾಗಿ ನಿಲ್ಲಿಸುತ್ತಿದ್ದ. ನನ್ನನ್ನು ನಿಲ್ಲಿಸುವಂಥದ್ದು ಏನೂ ಇರಲಿಲ್ಲ.

ಮಾರನೇ ದಿನ ಮೊಣಕೈ ನೆಟ್ಟಗಾಗಲಿಲ್ಲ. ಎರಡೂ ಕೈ ಅರ್ಧ ಮಡಚಿಕೊಂಡೇ ನಿಂತವು. ಹಲ್ಲುಜ್ಜಲು ಕತ್ತು ಬಗ್ಗಿಸಿ ಬಾಯನ್ನೇ ಬ್ರಷ್ ಹತ್ತಿರ ತರಬೇಕಾಯಿತು. ತೋಳು ಊದಿ ಅಂಗಿಯ ತೋಳು ಬಿಗಿಯಾಯಿತು. ಮೈ ಹಿಡ್ಕೊಂಡಿದೆ, ಎರಡು ದಿನಕ್ಕೆ ಬಿಡುತ್ತೆ ಅಂದುಕೊಂಡು ನೋವಿನ ಮಾತ್ರೆ ನುಂಗಿದೆ. ಅದು ಇನ್ನೊಂದು ತಪ್ಪು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆಗಳು ಇಂಥ ಹೊತ್ತಿನಲ್ಲಿ ಕಿಡ್ನಿಗೆ ಇನ್ನಷ್ಟು ಹೊಡೆತ ಕೊಡುತ್ತವೆ.

ಸೋಮವಾರ ಸಂಜೆ ಮೂತ್ರ ಕಪ್ಪಗೆ ಬಂತು. ಫಿಲ್ಟರಿನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ ಇರುತ್ತಲ್ಲ, ಅದೇ ಬಣ್ಣ. ಹೆಂಡತಿ ನೋಡಿದವಳೇ ಆಟೋ ಕರೆದಳು.

ಲ್ಯಾಬಿನಲ್ಲಿ ಪರೀಕ್ಷೆಯ ಪಟ್ಟಿ ಮೂತ್ರದಲ್ಲಿ ರಕ್ತ ಇದೆ ಅಂತ ತೋರಿಸಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ರಕ್ತಕಣಗಳೇ ಇಲ್ಲ. ಬಣ್ಣ ಬಂದಿದ್ದು ಮಯೋಗ್ಲೋಬಿನ್‌ನಿಂದ. ಅದು ಸ್ನಾಯುವಿನ ಒಳಗಿರುವ ಪ್ರೋಟೀನ್, ಸ್ನಾಯು ಒಡೆದಾಗ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ. ಈ ಕಾಯಿಲೆಗೆ ರಾಬ್ಡೋಮಯೋಲಿಸಿಸ್ ಅನ್ನುತ್ತಾರೆ. ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಸಿಪಿಕೆ ಅನ್ನುವ ಕಿಣ್ವ ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿ ಇರಬೇಕು, ನನಗೆ 52,000 ಇತ್ತು. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಏರುವ ಕ್ರಿಯಾಟಿನಿನ್ ಕೂಡ ಜಾಸ್ತಿ, 1.8. ಹಗಲೂ ರಾತ್ರಿ ಡ್ರಿಪ್ ಹಾಕಿದರು, ಬಂದ ಮೂತ್ರವನ್ನೆಲ್ಲ ಅಳೆದು ಬರೆದುಕೊಂಡರು. ಪೊಟ್ಯಾಷಿಯಂ ಏರಿದರೆ ಹೃದಯಕ್ಕೇ ಅಪಾಯ ಅಂತ ಆಗಾಗ ಇಸಿಜಿ ತೆಗೆದರು. ಡಯಾಲಿಸಿಸ್‌ವರೆಗೆ ಹೋಗಲಿಲ್ಲ, ಅದು ನನ್ನ ಪುಣ್ಯ.

ಮಲಗಿದ್ದಲ್ಲೇ ಇದರ ಬಗ್ಗೆ ಓದಿದೆ. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ 13 ಫುಟ್‌ಬಾಲ್ ಆಟಗಾರರು ಹೀಗೇ ಆಸ್ಪತ್ರೆ ಸೇರಿದ್ದರು. ರಜೆ ಮುಗಿಸಿ ಬಂದವರಿಗೆ ಭಾರ ಹೊತ್ತು ನೂರು ಸ್ಕ್ವಾಟ್ ಮಾಡಿಸಿದ್ದರು. ಅವರಿಗಿಂತ ಫಿಟ್ ಯಾರಿದ್ದಾರೆ ಹೇಳಿ? ಇನ್ನು ಎಲ್ಲ ಜಿಮ್‌ಗಳಲ್ಲೂ ಹೆಸರು ಕೇಳುವ ತಬಾಟಾ. 20 ಸೆಕೆಂಡ್ ಕೆಲಸ, 10 ಸೆಕೆಂಡ್ ವಿರಾಮ. ಜಪಾನಿನ ಇಝುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಆ ಪ್ರಯೋಗ ನಡೆದದ್ದು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ. ಸೈಕಲ್ ತುಳಿಯುವಾಗ ಸ್ನಾಯು ಹಿಗ್ಗುತ್ತಾ ಭಾರ ತಡೆಯುವ ಕೆಲಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೆಗೆಟಿವ್ ಪುಲ್ ಅಪ್‌ನಲ್ಲಿ ಇರುವುದೆಲ್ಲ ಅದೇ, ಸ್ನಾಯುವಿಗೆ ಜಾಸ್ತಿ ಪೆಟ್ಟು ಬೀಳುವುದೂ ಅದರಿಂದಲೇ. ಜಿಮ್‌ನವರು ಹೆಸರು, ಗಡಿಯಾರ ಎರಡೂ ಅಲ್ಲಿಂದ ತಂದರು, ಸೈಕಲ್ ಬಿಟ್ಟರು. ನನಗೆ ಸಿಟ್ಟು ಬರುವುದು ಇಲ್ಲೇ.

ನಮ್ಮ ಅಜ್ಜ ಗರಡಿಗೆ ಹೋಗುತ್ತಿದ್ದರು. ಹೊಸಬ ಎಷ್ಟೇ ಗಟ್ಟಿಮುಟ್ಟಾಗಿರಲಿ, ಮೊದಲ ವಾರ ಉಸ್ತಾದರು ಎಣಿಸಿ ಎಣಿಸಿ ಕೆಲವೇ ಬಸ್ಕಿ ಹೊಡೆಸುತ್ತಿದ್ದರಂತೆ.

ಆಮೇಲೆ ರಿಪೋರ್ಟ್ ಹಿಡಿದು ಆ ಜಿಮ್‌ಗೆ ಹೋದೆ. ಟ್ರೈನರ್ ಒಳ್ಳೆ ಹುಡುಗ, ಈ ಕಾಯಿಲೆಯ ಹೆಸರೇ ಕೇಳಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

ನೀವು ಓಟಗಾರರಾಗಿರಿ, ಕಬಡ್ಡಿ ಆಡುವವರಾಗಿರಿ, ಹೊಸ ಕಸರತ್ತಿಗೆ ನಿಮ್ಮ ಸ್ನಾಯು ಹೊಸದೇ. ಮೊದಲ ಎರಡು ವಾರ ಎರಡೇ ರೌಂಡ್ ಮಾಡಿ, ನೆಗೆಟಿವ್ ಮುಟ್ಟಬೇಡಿ. ಬಿಸಿಲ ಸೆಕೆಯಲ್ಲಿ, ಜ್ವರ ಬಂದು ಹೋದ ವಾರದಲ್ಲಿ ಬೇಡವೇ ಬೇಡ. ಕೈ ಊದಿ ಮಡಚಿಕೊಂಡರೆ, ಮೂತ್ರದ ಬಣ್ಣ ಬದಲಾದರೆ, ನೀರು ಕುಡಿದರೆ ಸರಿಹೋಗುತ್ತೆ ಅಂತ ಮನೆಯಲ್ಲಿ ಕೂರಬೇಡಿ. ರಾತ್ರಿಯಾದರೂ ಹೋಗಿ ಸಿಪಿಕೆ, ಕ್ರಿಯಾಟಿನಿನ್, ಪೊಟ್ಯಾಷಿಯಂ ನೋಡಿಸಿ. ಯಾವ ವ್ಯಾಯಾಮ, ಎಷ್ಟು ಸಲ ಮಾಡಿದಿರಿ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ನಾನು ಮೊದಲು ಬಣ್ಣದ ವಿಷಯ ಮಾತ್ರ ಹೇಳಿದ್ದೆ. ಅವರು ಕಿಡ್ನಿ ಕಲ್ಲು ಇರಬೇಕು ಅಂತ ಸ್ಕ್ಯಾನಿಗೆ ಬರೆದಿದ್ದರು. ಜಿಮ್ ವಿಷಯ ಬಾಯಿಬಿಟ್ಟವಳು ನನ್ನ ಹೆಂಡತಿ.