ಇಂಜೆಕ್ಟರ್‌ಗೆ ನೇರ ಬ್ಯಾಟರಿ ಕೊಡಲು ಹೊರಟಿದ್ದೀರಾ? ನನ್ನ ಪಾಡು ಓದಿಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪೆಲ್ಲ ನನ್ನದೇ. ಯಾವ ಮೆಕ್ಯಾನಿಕ್ಕೂ ಮೋಸ ಮಾಡಲಿಲ್ಲ, ಯಾರೂ ಕಳಪೆ ಮಾಲು ದಾಟಿಸಲಿಲ್ಲ. ಇಂಜೆಕ್ಟರಿಗೆ ಬ್ಯಾಟರಿ ಕೊಟ್ಟು ಅದರ ಕಸ ತೊಳೆಯುವ ಒಂದು ವಿಡಿಯೋ ನೋಡಿ, ಎರಡು ತುಂಡು ವೈರ್ ಹಿಡಿದುಕೊಂಡು, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಒಂದು ಇಂಜೆಕ್ಟರನ್ನು ನನ್ನ ಕೈಯಾರೆ ಸುಟ್ಟೆ, ಅದರ ಹಿಂದೆಯೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಳಕೊಂಡೆ. ಎಂಜಿನ್ ಉಳಿದದ್ದು ಕೂದಲೆಳೆಯಲ್ಲಿ. ಆ ವಿಡಿಯೋ ಈಗಲೂ ಇದೆ, ಅದರ ಕೆಳಗೆ ‘ಸೂಪರ್ ಟಿಪ್ ಗುರು’ ಅನ್ನುವವರೂ ಇದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಕಾರು ಹಳೆಯದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಒಂದೊಂದಕ್ಕೂ ಒಂದೊಂದು ಇಂಜೆಕ್ಟರ್. ನಿಂತಲ್ಲಿ ನಿಂತಾಗ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಓಡಿಸುವಾಗ ಮಾತ್ರ ಏನೂ ಇಲ್ಲ, ಪಿಕಪ್ಪೂ ಚೆನ್ನಾಗಿತ್ತು. ಸ್ಕ್ಯಾನರ್ ಹಾಕಿದರೆ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದ ಮಿಸ್‌ಫೈರ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಗೆ ಕಿವಿಗೊಟ್ಟೆ. ಒಂದು, ಎರಡು, ನಾಲ್ಕು: ಗಡಿಯಾರದ ಹಾಗೆ ಚುರುಕಾಗಿ ಟಿಕ್ ಟಿಕ್. ಮೂರನೆಯದು ಬಟ್ಟೆ ಮುಚ್ಚಿ ಬಡಿದಂತೆ, ಮಂಕು. ಕಸ ಕಟ್ಟಿಕೊಂಡಿದೆ ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ. ಆ ‘ಓಡುವಾಗ ಏನೂ ಇಲ್ಲ’ ಅನ್ನೋದನ್ನ ಅಲ್ಲೇ ಒಂದು ನಿಮಿಷ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಒಳಗೆ ಏನಿರುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ ಪೆದ್ದುತನದ ಆಳ ತಿಳಿಯುವುದಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಆ ಕೊಳವೆಯೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರ ನಡುವೆ ಕಬ್ಬಿಣದ ಒಂದು ತುಂಡು, ಅದಕ್ಕೆ ಅಂಟಿಕೊಂಡ ಸೂಜಿ, ಸೂಜಿಯನ್ನು ಕೆಳಗಿನ ಪೀಠಕ್ಕೆ ಒತ್ತಿ ಹಿಡಿಯುವ ಸ್ಪ್ರಿಂಗ್. ಮೇಲಿನಿಂದ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಸದಾ ಕಾದು ನಿಂತಿರುತ್ತದೆ. ಸುರುಳಿಗೆ ಕರೆಂಟು ಹರಿದರೆ ಅದು ಅಯಸ್ಕಾಂತವಾಗಿ ಕಬ್ಬಿಣವನ್ನು ಮೇಲೆಳೆಯುತ್ತದೆ, ಸೂಜಿ ಎದ್ದು ದಾರಿ ಬಿಡುತ್ತದೆ. ಎಷ್ಟು ಏಳುತ್ತದೆ ಅಂತೀರಿ? ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಕರೆಂಟು ನಿಂತರೆ ಸ್ಪ್ರಿಂಗ್ ಮತ್ತೆ ಮುಚ್ಚುತ್ತದೆ. ನಮಗೆ ಕೇಳುವ ಟಿಕ್ ಅನ್ನೋದು ಆ ಇಷ್ಟೇ ಇಷ್ಟು ಏಳುವಿಕೆಯ ಸದ್ದು.

ಇನ್ನೊಂದು ವಿಷಯ. ಬಹುತೇಕ ಗಾಡಿಗಳಲ್ಲಿ ಕೀ ಆನ್ ಇರುವಷ್ಟು ಹೊತ್ತೂ ಇಂಜೆಕ್ಟರಿನ ಒಂದು ಪಿನ್ನಿಗೆ 12 ವೋಲ್ಟ್ ಬಂದೇ ಇರುತ್ತದೆ. ಇಸಿಯು ಮಾಡುವುದು ಇನ್ನೊಂದು ಪಿನ್ನನ್ನು ಬೇಕಾದಾಗ ಅರ್ತ್‌ಗೆ ಸೇರಿಸಿ ಬಿಡಿಸುವ ಕೆಲಸ. ಅದಕ್ಕಾಗಿ ಒಂದೊಂದು ಇಂಜೆಕ್ಟರಿಗೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಒಂದೊಂದು ಟ್ರಾನ್ಸಿಸ್ಟರ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾನುವಾರ ಇಂಜೆಕ್ಟರ್ ಬಿಚ್ಚಿದೆವು, ನಾನು ಮತ್ತು ನನ್ನ ತಮ್ಮ. ಎಂಜಿನ್ ಓಡುವಾಗಲೇ ಪಂಪಿನ ಫ್ಯೂಸ್ ಕಿತ್ತು, ತಾನಾಗಿ ಆರುವ ತನಕ ಬಿಟ್ಟು ಫ್ಯೂಯೆಲ್ ರೈಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ತರುವ ಪೈಪಿನ) ಒತ್ತಡ ಇಳಿಸಿಕೊಂಡಿದ್ದೆ. ಇಡೀ ದಿನದಲ್ಲಿ ಸರಿಯಾಗಿ ಮಾಡಿದ್ದು ಅದೊಂದೇ. ವಿಡಿಯೋದಲ್ಲಿ ಹೇಳಿದ ಪ್ರಕಾರ ಇಂಜೆಕ್ಟರಿನ ಬಾಯಿಗೆ ಕಾರ್ಬ್ ಕ್ಲೀನರ್ (ಕಾರ್ಬುರೇಟರ್ ತೊಳೆಯುವ ದ್ರಾವಕ) ಸ್ಪ್ರೇ ಕ್ಯಾನಿನ ಕೊಳವೆಯನ್ನು ರಬ್ಬರ್ ತುಂಡಿನಿಂದ ಬಿಗಿ ಮಾಡಿ, ಎರಡು ಪಿನ್ನಿಗೆ ಬ್ಯಾಟರಿಯಿಂದ ವೈರ್ ತಾಗಿಸಬೇಕು. ತಾಗಿಸಿದೆ. ಟಿಕ್ ಅಂತು, ಕೆಳಗೆ ನಾಲ್ಕು ರಂಧ್ರಗಳಿಂದ ಮಂಜಿನ ಹಾಗೆ ಹೊಮ್ಮಿತು. ಖುಷಿಯೋ ಖುಷಿ.

ವೈರ್ ತೆಗೆದಾಗ ಚಟ್ ಅಂತ ನೀಲಿ ಕಿಡಿ. ತಾಗಿಸುವಾಗ ಇಲ್ಲ, ತೆಗೆಯುವಾಗ. ಸುರುಳಿಯಲ್ಲಿ ತುಂಬಿಕೊಂಡ ಕಾಂತಶಕ್ತಿಗೆ ಹೋಗಲು ದಾರಿ ಇಲ್ಲದೆ ಬ್ಯಾಟರಿಗಿಂತ ಎಷ್ಟೋ ಪಟ್ಟು ಹೆಚ್ಚು ವೋಲ್ಟ್‌ಗಳ ಏಟಾಗಿ ಹಿಂದಕ್ಕೆ ಒದೆಯುತ್ತದೆ. ಇಸಿಯು ಒಳಗೆ ಆ ಒದೆತವನ್ನು ತಡೆದುಕೊಳ್ಳುವ ವ್ಯವಸ್ಥೆ ಇರುತ್ತದೆ, ನನ್ನ ಕೈಯಲ್ಲಿ ಏನಿತ್ತು? ಒಂದು ಗೇಣು ದೂರದಲ್ಲಿ ಬೆಂಕಿ ಹಿಡಿಯಬಲ್ಲ ದ್ರಾವಕದ ಮಂಜು, ಇತ್ತ ಕಿಡಿ. ತಮ್ಮನ ಮುಖ ಅಲ್ಲೇ ಬಗ್ಗಿತ್ತು. ಹತ್ತಿಕೊಳ್ಳಲಿಲ್ಲ ಅನ್ನೋದು ನಮ್ಮ ಜಾಣತನವಲ್ಲ, ಅದೃಷ್ಟ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಕಿಡಿ ಬೇಡ ಅಂತ ನಾನು ಕಂಡುಕೊಂಡ ಉಪಾಯ ಅದಕ್ಕಿಂತ ದೊಡ್ಡ ಪ್ರಳಯ. ಕ್ರೊಕೊಡೈಲ್ ಕ್ಲಿಪ್ ಹಾಕಿ ಕರೆಂಟು ಹಾಗೇ ಬಿಟ್ಟೆ. ಸೂಜಿ ತೆರೆದೇ ಇರಲಿ, ಒಳಗೆ ದ್ರಾವಕ ನೆನೆಯಲಿ ಅಂತ. ಐದಾರು ನಿಮಿಷ ಆಗಿರಬೇಕು.

‘ಅಣ್ಣಾ, ಇದು ಸುಡ್ತಾ ಇದೆ ಕಣೋ,’ ಅಂದ ತಮ್ಮ.

‘ಕರೆಂಟು ಹೋದ್ರೆ ಬಿಸಿ ಆಗ್ದೆ ಇರುತ್ತಾ? ಬಟ್ಟೇಲಿ ಹಿಡ್ಕೋ.’

ಹೀಗೆ ಅಂದವನು ನಾನು. ಈಗ ಲೆಕ್ಕ ನೋಡಿ. ಆ ಇಂಜೆಕ್ಟರಿನ ಸುರುಳಿಯ ರೋಧ ಸುಮಾರು 14 ಓಂ. 12.6 ವೋಲ್ಟ್ ಕೊಟ್ಟರೆ 0.9 ಆಂಪಿಯರ್, ಅಂದರೆ 11 ವ್ಯಾಟಿನಷ್ಟು ಶಾಖ, ಅದೂ ಎಡೆಬಿಡದೆ. ಎಂಜಿನ್ 800 ಆರ್‌ಪಿಎಮ್‌ನಲ್ಲಿ ನಿಂತಲ್ಲಿ ಓಡುವಾಗ ಏನಾಗುತ್ತದೆ? ಎರಡು ಸುತ್ತಿಗೊಮ್ಮೆ, ಅಂದರೆ 150 ಮಿಲಿಸೆಕೆಂಡಿಗೊಮ್ಮೆ, ಎರಡೂವರೆ ಮಿಲಿಸೆಕೆಂಡು ಮಾತ್ರ ಕರೆಂಟು. ಸರಾಸರಿ ತೆಗೆದರೆ ಕಾಲು ವ್ಯಾಟೂ ಆಗುವುದಿಲ್ಲ. ಅದರ ಜೊತೆಗೆ ಒಳಗೆ ತಣ್ಣನೆಯ ಪೆಟ್ರೋಲ್ ಹರಿಯುತ್ತಾ ಇರುತ್ತದೆ. ನಾನು ಅದಕ್ಕೆ ಕೊಟ್ಟದ್ದು ಅರವತ್ತು ಪಟ್ಟು ಕಾವು, ತಂಪು ಮಾಡಲು ಆಗೊಮ್ಮೆ ಈಗೊಮ್ಮೆ ಒಂದು ಪುಸ್ ಸ್ಪ್ರೇ. ಸುರುಳಿಯ ತಂತಿಗೆ ಬಳಿದ ತೆಳು ನಿರೋಧಕ ಲೇಪ ಸುಟ್ಟು ಸುತ್ತುಗಳು ಒಂದಕ್ಕೊಂದು ತಾಗಿಕೊಂಡಿವೆ. ಹೊರಗೆ ನೋಡಿದರೆ ಏನೂ ಕಾಣದು. ಇನ್ನೂ ಕೆಟ್ಟದ್ದೇನೆಂದರೆ, ಆಮೇಲೂ ಅದು ಟಿಕ್ ಅನ್ನುತ್ತಿತ್ತು!

ವಾಪಸ್ ಜೋಡಿಸುವ ಮುಂಚೆ ಮಲ್ಟಿಮೀಟರ್ ಇಟ್ಟಿದ್ದರೆ ಸಾಕಿತ್ತು, ಅರ್ಧ ನಿಮಿಷದ ಕೆಲಸ. ಆಮೇಲೆ ಅಳೆದಾಗ ಬೇರೆ ಮೂರು 14.1, 14.2, 14.3 ಓಂ ತೋರಿಸಿದವು. ಮೂರನೆಯದು 4.8. (ಅಳೆಯುವುದಾದರೆ ತಣ್ಣಗಿದ್ದಾಗ ಅಳೆಯಿರಿ. ತಾಮ್ರ ಬಿಸಿಯಾದರೆ ಡಿಗ್ರಿಗೆ ಶೇಕಡಾ 0.4ರಷ್ಟು ಓಂ ಏರುತ್ತದೆ, ಬಿಸಿ ಸುರುಳಿಯ ಸುಳ್ಳು ನಂಬಬೇಡಿ.)

ಜೋಡಿಸಿ ಸ್ಟಾರ್ಟ್ ಮಾಡಿದೆ. ಹಿಡಿಯಿತು. ನಡುಕವೂ ಇಲ್ಲ! ತಮ್ಮನ ಕಡೆ ಹೆಮ್ಮೆಯಿಂದ ನೋಡಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಸೈಲೆನ್ಸರಿನಿಂದ ಕಪ್ಪು ಹೊಗೆ, ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ, ಎಂಜಿನ್ ಎರಡು ಸಲ ಗೊರಗೊರ ಅಂದು ನಿಂತಿತು. ಸೆಲ್ಫ್ ಹೊಡೆದೆ. ಮತ್ತೆ ಹೊಡೆದೆ. ಐದನೆಯದೋ ಆರನೆಯದೋ ಸಲ ‘ಟಕ್’ ಅಂತ ಗೋಡೆಗೆ ಬಡಿದಂತೆ ಎಂಜಿನ್ ಸುತ್ತುವುದೇ ನಿಂತುಹೋಯಿತು. ಬ್ಯಾಟರಿ ಇಳಿದಿರಬೇಕು ಅಂತ ಜಂಪರ್ ಕೇಬಲ್ ತರಲು ಹೊರಟಿದ್ದೆ.

ಆ ಹೊತ್ತಿಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಬೇಕು ಅನ್ನುವ ಬುದ್ಧಿ ಯಾರು ಕೊಟ್ಟರೋ. ಹೊಗೆ, ವಾಸನೆ, ಟಕ್ ಸದ್ದು, ಇಷ್ಟು ಹೇಳಿದೆ. ಅವರು ಹೇಳಿದ್ದು ಒಂದೇ ಮಾತು: ‘ಸಾರ್, ಇನ್ನೊಂದು ಸಲ ಸೆಲ್ಫ್ ಹೊಡೀಬೇಡಿ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ.’

ಎಂಜಿನ್ ಆಯಿಲಿನ ಮಟ್ಟ ನೋಡುವ ಆ ಕಡ್ಡಿಯನ್ನು ಎಳೆದೆ. ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಏರಿತ್ತು. ಬೆರಳ ನಡುವೆ ಉಜ್ಜಿದರೆ ಜಿಡ್ಡೇ ಇಲ್ಲ, ನೀರಿನ ಹಾಗೆ ಜಾರುತ್ತಿತ್ತು. ಮೂಗಿಗೆ ಬಂದದ್ದು ಪೆಟ್ರೋಲ್ ಬಂಕಿನ ವಾಸನೆ.

ಅವರು ಬಂದು ನಾಲ್ಕೂ ಪ್ಲಗ್ ಬಿಚ್ಚಿಸಿ, ಇಗ್ನಿಷನ್ ಕಾಯಿಲ್‌ಗಳ ಕಪ್ಲರ್ (ವೈರಿನ ಕನೆಕ್ಟರ್), ಪಂಪಿನ ಫ್ಯೂಸ್ ಎರಡನ್ನೂ ಕಿತ್ತು, ಎಲ್ಲರನ್ನೂ ದೂರ ನಿಲ್ಲಿಸಿ, ಸ್ಪ್ಯಾನರಿನಲ್ಲಿ ಕೈಯಿಂದಲೇ ಎಂಜಿನ್ ಸುತ್ತಿಸಿದರು. ಮೂರನೇ ತೂತಿನಿಂದ ಪೆಟ್ರೋಲ್ ಬುಳುಬುಳು ಉಕ್ಕಿ ಬಂತು.

ಆದದ್ದು ಇಷ್ಟು. 14 ಓಂ ಇದ್ದಾಗ ಹರಿಯುತ್ತಿದ್ದ 0.9 ಆಂಪಿಯರಿನ ಜಾಗದಲ್ಲಿ 4.8 ಓಂ ಸುರುಳಿ 2.6 ಆಂಪಿಯರ್ ಎಳೆಯಿತು. ಇಸಿಯು ಒಳಗಿನ ಆ ಮೂರನೇ ಟ್ರಾನ್ಸಿಸ್ಟರ್ ಹತ್ತು ನಿಮಿಷ ತಾಳಿಕೊಂಡು ಕೊನೆಗೆ ಶಾರ್ಟ್ ಆಯಿತು. ಇತ್ತೀಚಿನ ಎಷ್ಟೋ ಇಸಿಯುಗಳು ಇಂಥದ್ದನ್ನು ಹಿಡಿದು ಆ ಸಾಲನ್ನೇ ಬಂದ್ ಮಾಡುತ್ತವೆ, ಪಿ0203 (ಮೂರನೇ ಇಂಜೆಕ್ಟರಿನ ಸರ್ಕಿಟ್ ದೋಷ) ಅಂತ ಕೋಡ್ ಬರೆದಿಡುತ್ತವೆ. ನನ್ನದಕ್ಕೆ ಆ ಭಾಗ್ಯವಿರಲಿಲ್ಲ. ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಅರ್ತ್ ಸದಾ ಸೇರಿಕೊಂಡೇ ಇರುತ್ತದೆ. ಕೀ ಆನ್ ಮಾಡಿದರೆ ಸಾಕು, ಸೂಜಿ ಎದ್ದು ನಿಂತುಬಿಡುತ್ತದೆ.

ಸಾಮಾನ್ಯ ಇಂಜೆಕ್ಟರ್ ಪೂರ್ತಿ ತೆರೆದಿದ್ದರೆ ನಿಮಿಷಕ್ಕೆ 200 ಮಿಲಿಲೀಟರಿನ ಆಸುಪಾಸು ಸುರಿಯುತ್ತದೆ ಅಂತಿಟ್ಟುಕೊಳ್ಳಿ. ಒಂದು ಸಿಲಿಂಡರಿನ ಅಳತೆ 300 ಮಿಲಿಲೀಟರ್, ಕಂಪ್ರೆಶನ್ 10ಕ್ಕೆ 1 ಇದ್ದರೆ, ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 33 ಮಿಲಿಲೀಟರ್. ಹತ್ತು ಸೆಕೆಂಡಿನ ಸೋರಿಕೆ ಸಾಕು ಅದನ್ನು ತುಂಬಲು. ಗಾಳಿಯನ್ನು ಅಮುಕಬಹುದು, ಪೆಟ್ರೋಲನ್ನು ಅಮುಕಲಾಗದು. ನನ್ನ ಟಕ್ ಅದೇ. ಅದೇ ಎಂಜಿನ್ ವೇಗವಾಗಿ ಓಡುತ್ತಿದ್ದು ಹಾಗಾಗಿದ್ದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತಿತ್ತು. ಜಂಪರ್ ಕೇಬಲ್ ಹಾಕಿ ಜಗ್ಗಿದ್ದರೆ? ಅದನ್ನು ಅವರು ಹೇಳಲಿಲ್ಲ, ತಲೆ ಮಾತ್ರ ಆಡಿಸಿದರು.

ಇಷ್ಟಾದರೂ ನನ್ನದು ಹೆಚ್ಚು ಓಂ ಇರುವ ಜಾತಿಯದ್ದು, ಆದ್ದರಿಂದಲೇ ಐದಾರು ನಿಮಿಷ ತಾಳಿತು. ಎರಡು ಮೂರು ಓಂ ಮಾತ್ರ ಇರುವ ಜಾತಿಯೂ ಇದೆ. ಅದಕ್ಕೆ ಇಸಿಯು ಮೊದಲು ನಾಲ್ಕು ಆಂಪಿಯರಿನಷ್ಟು ಕೊಟ್ಟು ಸೂಜಿ ಎಬ್ಬಿಸಿ, ಕೂಡಲೇ ಒಂದು ಆಂಪಿಯರಿಗೆ ಇಳಿಸಿ ಹಿಡಿದಿಡುತ್ತದೆ. ನೇರ ಬ್ಯಾಟರಿ ಕೊಟ್ಟರೆ ಇಳಿಸುವವರು ಯಾರೂ ಇಲ್ಲ, 60-70 ವ್ಯಾಟಿನಲ್ಲಿ ನೋಡನೋಡುತ್ತಲೇ ಸುಡುತ್ತದೆ. ನೋಡಲು ಎರಡೂ ಒಂದೇ ಥರ, ಮೀಟರ್ ಇಡದೆ ಗೊತ್ತಾಗುವುದಿಲ್ಲ. ಸಿಗ್ನಲ್ ಬರುತ್ತಿದೆಯಾ ಅಂತ ನೋಡಲು ಕಪ್ಲರಿಗೆ ಹೆಡ್‌ಲೈಟ್ ಬಲ್ಬ್ ಸಿಕ್ಕಿಸುವವರಿಗೂ ಇದೇ ಮಾತು: ಆ ಬಲ್ಬ್ ಎಳೆಯುವ ಕರೆಂಟನ್ನು ಟ್ರಾನ್ಸಿಸ್ಟರ್ ತಡೆಯಬೇಕು. ಅದಕ್ಕೆಂದೇ ನಾಯ್ಡ್ ಲೈಟ್ ಅಂತ ಪುಟ್ಟ ದೀಪ ಸಿಗುತ್ತದೆ.

ಇನ್ನು ಕಾಮನ್ ರೈಲ್ ಡೀಸೆಲ್ ಎಂಜಿನ್ (ಈಗಿನ ಬಹುತೇಕ ಡೀಸೆಲ್ ಗಾಡಿಗಳದ್ದು) ಇದ್ದವರು ಈ ಪ್ರಯೋಗದ ಹತ್ತಿರವೂ ಸುಳಿಯಬೇಡಿ. ಅಲ್ಲಿ ಒತ್ತಡ 3 ಬಾರ್ ಅಲ್ಲ, 1,600 ಬಾರ್, ಕೆಲವದರಲ್ಲಿ 2,000ಕ್ಕೂ ಮೇಲೆ. ಕೂದಲಿನಷ್ಟು ಸೀಳಿನಿಂದ ಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಡಿದಷ್ಟೇ ಕಾಣುತ್ತದೆ, ಕೆಲವು ಗಂಟೆಗಳಲ್ಲಿ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಕಾಯದೆ ಆಸ್ಪತ್ರೆಗೆ ಓಡಿ. ಆ ಇಂಜೆಕ್ಟರ್‌ಗಳನ್ನು ಎಬ್ಬಿಸುವ ವೋಲ್ಟೇಜೂ 12 ಅಲ್ಲ, 65ರಿಂದ ಮೇಲಕ್ಕೆ. ಎಂಜಿನ್ ಓಡುವಾಗ ಕಪ್ಲರ್ ಕೀಳುವ ಚಾಳಿ ಇದ್ದರೆ ಬಿಡಿ.

ಕೊನೆಗೆ ಅಸಲು ರೋಗ. ಹೊಸ ಇಂಜೆಕ್ಟರ್ ಹಾಕಿ, ಬೇರೆ ಇಸಿಯು ತಂದು, ಅದಕ್ಕೆ ಕೀ ಹೊಂದಿಸಲು ಇನ್ನಷ್ಟು ದಿನ ಅಲೆದ ಮೇಲೆ ಕಾರು ಸ್ಟಾರ್ಟ್ ಆಯಿತು. ನಿಂತಲ್ಲಿ ನಡುಗಿತು. ಅದೇ ನಡುಕ! ಎಲೆಕ್ಟ್ರಿಷಿಯನ್ ಮೂರನೇ ಕಪ್ಲರನ್ನು ಬೆರಳಲ್ಲಿ ಸ್ವಲ್ಪ ಒತ್ತಿ ಹಿಡಿದರು. ನಡುಕ ನಿಂತಿತು. ಬಿಟ್ಟರು, ಮತ್ತೆ ಶುರು. ಕಪ್ಲರಿನ ಒಳಗಿನ ಒಂದು ಪಿನ್ ಅಗಲವಾಗಿ ಸಡಿಲಗೊಂಡಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಆ ಭಾನುವಾರ ನಾವು ಕಪ್ಲರ್ ಹಾಕಿದ ವರಸೆಗೆ ಹತ್ತು ನಿಮಿಷ ಸರಿಯಾಗಿ ಕೂತಿತ್ತಂತೆ, ಅದಕ್ಕೇ ನನಗೆ ಆ ಹೆಮ್ಮೆ.

ಓಡುವಾಗ ಯಾಕೆ ಗೊತ್ತಾಗುತ್ತಿರಲಿಲ್ಲ ಅನ್ನೋದಕ್ಕೂ ಉತ್ತರ ಅಲ್ಲೇ ಇತ್ತು. ಇಸಿಯು ಅಪ್ಪಣೆ ಕೊಟ್ಟ ಕ್ಷಣಕ್ಕೇ ಸೂಜಿ ಏಳುವುದಿಲ್ಲ, ಕರೆಂಟು ಏರಿ ಸ್ಪ್ರಿಂಗನ್ನು ಸೋಲಿಸಲು ಸುಮಾರು ಒಂದು ಮಿಲಿಸೆಕೆಂಡು ಹಿಡಿಯುತ್ತದೆ. ಎರಡೂವರೆ ಮಿಲಿಸೆಕೆಂಡಿನಲ್ಲಿ ಅಷ್ಟು ಕಳೆದರೆ ಪೆಟ್ರೋಲ್ ಬರುವುದು ಒಂದೂವರೆಯಲ್ಲಿ. ಪಿನ್ ಸಡಿಲವಾಗಿ ವೋಲ್ಟೇಜ್ ಕುಗ್ಗಿ ಇನ್ನು 0.3 ತಡವಾದರೆ ಐದನೇ ಒಂದು ಭಾಗ ಪೆಟ್ರೋಲ್ ಖೋತಾ. ಎಂಜಿನ್ ನಡುಗದೆ ಏನು ಮಾಡೀತು? ಭಾರ ಎಳೆಯುವಾಗ ಎಂಟು ಹತ್ತು ಮಿಲಿಸೆಕೆಂಡು ತೆರೆದಿರುತ್ತದೆ, ಅಲ್ಲಿ 0.3 ಯಾವ ಲೆಕ್ಕ. ಸ್ಕ್ರೂಡ್ರೈವರಿನಲ್ಲಿ ಕೇಳಿದ ಮಂಕು ಟಿಕ್ ಕೂಡ ಕಸದ್ದಲ್ಲ, ಕರೆಂಟು ಸಾಲದ್ದರದ್ದು.

ಪಿನ್ ಒತ್ತಿ ಬಿಗಿ ಮಾಡಲು ಅವರಿಗೆ ಎರಡು ನಿಮಿಷ ಹಿಡಿಯಿತು. ಆಯಿಲ್ ಎರಡು ಸಲ ಬದಲಿಸಿದ್ದೇನೆ. ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಹೋಗಿದ್ದಕ್ಕೋ ಏನೋ, ಮೂರನೇ ಸಿಲಿಂಡರಿನ ಕಂಪ್ರೆಶನ್ ಉಳಿದವುಗಳಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತಿದೆ. ತಿಂಗಳಿಗೊಮ್ಮೆ ಅಳೆಯುತ್ತಿದ್ದೇನೆ, ಡಿಪ್‌ಸ್ಟಿಕ್ ಮಾತ್ರ ದಿನಾ ಬೆಳಿಗ್ಗೆ ಮೂಸುತ್ತೇನೆ.