ಅಂಟಿಕೊಳ್ಳುವ ಕಾರ್ಬೊರೇಟರ್, ಮೂರು ಮಳೆಗಾಲ, ಒಂದು ಅಲ್ಟ್ರಾಸಾನಿಕ್ ಮೆಷಿನ್

ಕಾರ್ಬೊರೇಟರ್ ತೊಳೆಯುವ ಈ ಅಲ್ಟ್ರಾಸಾನಿಕ್ ಮೆಷಿನ್ ತೆಗೆದುಕೊಂಡು ಮೂರು ಮಳೆಗಾಲ ಕಳೆಯಿತು. ಕೊಂಡ ವಾರವೇ ಐದಕ್ಕೆ ಐದು ಕೊಟ್ಟಿದ್ದೆ. ಈಗ ಅದನ್ನು ತಿದ್ದುತ್ತಿದ್ದೇನೆ. ಮೆಷಿನ್ ಕೆಟ್ಟದ್ದು ಅಂತ ಅಲ್ಲ. ಆಗ ನನಗೆ ಕಾಯಿಲೆ ಯಾವುದೆಂದೇ ಗೊತ್ತಿರಲಿಲ್ಲ, ಮದ್ದಿಗೆ ಮಾರ್ಕು ಕೊಟ್ಟುಬಿಟ್ಟಿದ್ದೆ.

ಮೊದಲು ವಸ್ತು ಯಾವುದು ಅಂತ ಹೇಳುತ್ತೇನೆ. ಎರಡು ಲೀಟರಿನ ಸ್ಟೀಲ್ ತೊಟ್ಟಿ, 40 ಕಿಲೋಹರ್ಟ್ಜ್ ಕಂಪನ, ಕೆಳಗೆ ಹೀಟರ್, ಮುಂದೆ ಟೈಮರ್. ಕನ್ನಡಕ, ಒಡವೆ ತೊಳೆಯಲು ಅಂಗಡಿಯವರು ಇಡುತ್ತಾರಲ್ಲ, ಅದರ ಅಣ್ಣ. ಆನ್‌ಲೈನಿನಲ್ಲಿ ಆರೂವರೆ ಸಾವಿರ ಆಯಿತು. ಕಂಪನಿ ಹೆಸರು ಹಾಕುವುದಿಲ್ಲ. ಹತ್ತು ಹೆಸರಲ್ಲಿ ಅದೇ ಡಬ್ಬ ಸಿಗುತ್ತದೆ.

ಕೊಂಡದ್ದು ಅಪ್ಪನ ಬುಲೆಟ್ಟಿಗಾಗಿ. 1991ರ 350, ಎರಕದ ಕಬ್ಬಿಣದ ಎಂಜಿನ್ನು, ಬಲಗಾಲಲ್ಲಿ ಗೇರು. ಕಾನೂನಿನ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಬೇಕಂತೆ. ಹಾಗಾಗಿ ನಮ್ಮದು ಇನ್ನೂ ಬರೀ ಹಳೇ ಗಾಡಿ. ಅದರಲ್ಲಿ ಇರುವುದು ಮಿಕ್‌ಕಾರ್ಬ್ ವಿಎಂ 24 ಕಾರ್ಬೊರೇಟರ್, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. 24 ಅಂದರೆ ಗಾಳಿ ಹೋಗುವ ದಾರಿಯ ಅಗಲ, ಮಿಲಿಮೀಟರಿನಲ್ಲಿ. ಆ ದಾರಿಗೆ ಅಡ್ಡವಾಗಿ ಒಂದು ಉರುಟು ಸ್ಲೈಡ್. ಆಕ್ಸಿಲೇಟರ್ ತಿರುಗಿಸಿದರೆ ಕೇಬಲ್ ಅದನ್ನು ಮೇಲೆ ಎಳೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಕೆಳಗೆ ತಳ್ಳುತ್ತದೆ. ಇಷ್ಟೇ ಕೆಲಸ. ಈ ಇಷ್ಟೇ ಕೆಲಸ ನಿಂತರೆ ಏನಾಗುತ್ತದೆ ಅಂತ ನಮ್ಮ ಕಾಸರಗೋಡಿನ ಸೀತಾಂಗೋಳಿ ಹತ್ತಿರ ಒಂದು ತಿರುವಿನಲ್ಲಿ ಕಲಿತೆ. ಅದು ಆಮೇಲೆ.

ನಮ್ಮ ಮನೆ ನೀರ್ಚಾಲಿನ ಆಚೆ ಬದಿ. ಜೂನಿನಿಂದ ಸೆಪ್ಟೆಂಬರ್ ತನಕ ಬುಲೆಟ್ಟು ಕೊಟ್ಟಿಗೆಯ ಮೂಲೆಯಲ್ಲಿ, ಸೌದೆಯ ಪಕ್ಕ. ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲಿ ಅದನ್ನು ಯಾರು ನೋಡುತ್ತಾರೆ? ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು. ಬೀರುವಿನ ಒಳಗಿನ ಚಪ್ಪಲಿಗೇ ಬೂಸಲು ಬರುತ್ತದೆ, ಕಾರ್ಬೊರೇಟರ್ ಬಿಡುತ್ತದಾ? ತಳದ ಬಟ್ಟಲಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಆರಿ ಹೋಗುತ್ತದೆ. ಉಳಿದದ್ದು ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ತನಕ ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಪೆಟ್ರೋಲಿನಿಂದ ಬೇರೆಯಾಗಿ ಕೆಳಗೆ ಕೂತುಕೊಳ್ಳುತ್ತದೆ. ಆಗ ಬಟ್ಟಲ ತಳದಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ. ಹಳೇ ಕಾಲದ ರಬ್ಬರ್ ರಿಂಗುಗಳೂ ಅದಕ್ಕೆ ಉಬ್ಬುತ್ತವೆ.

ಹೀಗೆ ಕಟ್ಟಿಕೊಂಡದ್ದಕ್ಕೆ ಈ ಮೆಷಿನ್ ನಿಜವಾಗಿ ಒಳ್ಳೆಯದು. ಸ್ಪ್ರೇ ಡಬ್ಬಿಯಿಂದ ಹೊರಗಿನ ಕೊಳೆ ಹೋಗುತ್ತದೆ, ಸ್ಲೋ ಜೆಟ್ಟಿನ (ಎಂಜಿನ್ನು ನಿಧಾನ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಕ್ರೂ) ಹಿಂದಿನ ಸಣ್ಣ ದಾರಿ ಹಾಗೇ ಉಳಿಯುತ್ತದೆ. ಮೆಷಿನ್ನಿನಲ್ಲಿ ನೀರಿನೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆ ಹುಟ್ಟಿ ಒಡೆಯುತ್ತವೆ. ನೀರು ಹೋದಲ್ಲೆಲ್ಲ ಗುಳ್ಳೆ ಹೋಗುತ್ತದೆ, ಕೊಳೆ ಎದ್ದು ಬರುತ್ತದೆ. ಮೊದಲ ಸಲ ತೊಟ್ಟಿಯಲ್ಲಿ ಹೊಗೆಯ ಹಾಗೆ ಕಂದು ಬಣ್ಣ ಏಳುವುದನ್ನು ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದೆವು.

ನಾನು ಮಾಡುವ ಕ್ರಮ ಹೀಗೆ. ಬಟ್ಟಲಲ್ಲಿ ತೇಲುವ ಫ್ಲೋಟ್, ಅದು ಎತ್ತಿದಾಗ ಪೆಟ್ರೋಲ್ ತಡೆಯುವ ಸೂಜಿ, ರಬ್ಬರ್ ರಿಂಗ್, ಫೈಬರ್ ವಾಷರ್ ಎಲ್ಲ ಬಿಚ್ಚಿ ಬದಿಗೆ. ಗಾಳಿಯ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಟ್ಟು, ಆಮೇಲೆ ತೆಗೆಯುವುದು. ಬರೆಯದೆ ತೆಗೆದು ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ. ನೀರು 55 ಡಿಗ್ರಿ, ಪಾತ್ರೆ ತೊಳೆಯುವ ಸೋಪಿನ ನೀರು ಅರ್ಧ ಚಮಚ. ಬಾಡಿ ಹಾಕುವ ಮೊದಲು ಐದು ನಿಮಿಷ ಬರೀ ನೀರಲ್ಲೇ ಓಡಿಸಬೇಕು, ನೀರಲ್ಲಿರುವ ಗಾಳಿ ಹೊರಗೆ ಹೋಗಲಿ ಅಂತ. ಆಮೇಲೆ ಎಂಟೆಂಟು ನಿಮಿಷ, ಮಗುಚಿ ಹಾಕುತ್ತಾ ನಾಲ್ಕು ಸಲ. ಕೊನೆಗೆ ಒಳ್ಳೆ ನೀರಲ್ಲಿ ತೊಳೆದು, ಕಂಪ್ರೆಸರ್ ಗಾಳಿ ಹೊಡೆದು, ಬಿಸಿಲಿಗೆ. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪೂ ಆಗುತ್ತದೆ. ಜೆಟ್ಟಿಗೆ ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ವಯರಿನ ಒಂದು ಎಳೆ ತಾಮ್ರ ಸಾಕು.

ಮಾಡಿದ ತಪ್ಪನ್ನೂ ಹೇಳಬೇಕಲ್ಲ. ಎರಡನೇ ಸಲ ಜೋರಾಗಲಿ ಅಂತ ಬಟ್ಟೆಯ ಸೋಪಿನ ಪುಡಿ ಹಾಕಿದೆ. ಅದರಲ್ಲಿರುವ ಸೋಡಾ ಬಾಡಿಯನ್ನು ಬೂದುಗಪ್ಪು ಮಾಡಿತು. ಕೆಲಸಕ್ಕೆ ತೊಂದರೆ ಇಲ್ಲ, ನೋಡಲು ಮಾತ್ರ ಸೂತಕದ ಮುಖ. ಇನ್ನೊಂದು ಮಾತು: ಬೇಗ ಆಗುತ್ತದೆ ಅಂತ ತೊಟ್ಟಿಗೆ ಪೆಟ್ರೋಲ್, ಥಿನ್ನರ್ ಸುರಿಯುವವರಿದ್ದಾರೆ. ಕೆಳಗೆ ಕರೆಂಟು, ಹೀಟರು, ಮೇಲೆ ಪೆಟ್ರೋಲಿನ ಆವಿ. ಅದು ತೊಳೆಯುವುದಲ್ಲ, ಚಿತೆ ಹಚ್ಚುವುದು.

ಸರಿ, ಇಷ್ಟೆಲ್ಲ ಮಾಡಿ ಗಾಡಿ ಜೋಡಿಸಿದೆ. ಒಂದೇ ಕಿಕ್ಕಿಗೆ ಹೊತ್ತಿತು. ಅವತ್ತೇ ಐದು ಸ್ಟಾರ್ ಬರೆದದ್ದು. ಹದಿನೈದು ದಿನದ ಮೇಲೆ ಕುಂಬಳೆಗೆ ಹೋಗುವಾಗ ಸೀತಾಂಗೋಳಿ ಹತ್ತಿರ ಆಕ್ಸಿಲೇಟರ್ ಬಿಟ್ಟೆ, ಗಾಡಿ ಬಿಡಲಿಲ್ಲ. ತಿರುವು ಬಂತು, ವೇಗ ಹಾಗೇ ಇದೆ. ಕ್ಲಚ್ ಹಿಡಿದರೆ ಎಂಜಿನ್ನು ಕೂಗಿಕೊಂಡಿತು. ಕೀ ಆಫ್ ಮಾಡಿದ್ದಕ್ಕೆ ಬದುಕಿದೆ. ಬೇರೇನೂ ಓದದಿದ್ದರೂ ಇದನ್ನು ಓದಿ: ಸ್ಲೈಡ್ ಅಂಟಿದರೆ ಮೊದಲು ಕೀ. ಕಾರ್ಬೊರೇಟರನ್ನು ಬಯ್ಯುವುದು ಗಾಡಿ ನಿಂತ ಮೇಲೆ.

ಮನೆಗೆ ತಂದು ಬಿಚ್ಚಿದೆ. ಮೇಜಿನ ಮೇಲೆ ಸ್ಲೈಡ್ ಬಾವಿಗೆ ಬಿಟ್ಟ ಕೊಡಪಾನದ ಹಾಗೆ ಸರ್ರನೆ ಇಳಿಯಿತು. ಅಂಟೇ ಇಲ್ಲ. ಆದರೂ ಕೊಳೆ ಇರಬೇಕು ಅಂತ ಮತ್ತೆ ತೊಟ್ಟಿಗೆ ಹಾಕಿದೆ. ಜೋಡಿಸಿದೆ. ಒಂದು ವಾರ ಸರಿ, ಮತ್ತೆ ಅದೇ. ಮೂರನೇ ಸಲ ತೊಳೆದಾಗ ಸರಿ ಇದ್ದದ್ದು ಎರಡೇ ದಿನ. ಮೆಷಿನ್ನಿನ ಶಕ್ತಿ ಕುಂದಿರಬೇಕು ಅಂದುಕೊಂಡೆ. ಮಾರಿದವರಿಗೆ ದೂರಿನ ಮೇಲೆ ದೂರು ಬರೆದೆ. ಪಾಪ, ಅವರೂ ಮರ್ಯಾದೆಯಿಂದಲೇ ಉತ್ತರ ಕೊಟ್ಟರು.

ಕೊನೆಗೆ ಬದಿಯಡ್ಕದ ಒಬ್ಬರು ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ನಾವೆಲ್ಲ ಏಟ್ಟ, ಅಂದರೆ ಮಲಯಾಳದಲ್ಲಿ ಅಣ್ಣ, ಅಂತ ಕರೆಯುವುದು. ಅವರು ಗಾಡಿ ಬಿಚ್ಚಲೇ ಇಲ್ಲ. ಎಂಜಿನ್ನು ಆಫ್ ಇರುವಾಗಲೇ ಆಕ್ಸಿಲೇಟರ್ ಪೂರ್ತಿ ತಿರುಗಿಸಿ ಬಿಟ್ಟರು. ಸ್ಲೈಡ್ ಕೆಳಗೆ ಕೂತರೆ ಟಕ್ ಅಂತ ಶಬ್ದ ಬರಬೇಕು. ಬರಲಿಲ್ಲ. ಕಾರ್ಬೊರೇಟರನ್ನು ಎಂಜಿನ್ನಿಗೆ ಹಿಡಿಸುವ ಎರಡು ನಟ್ಟು ತೋರಿಸಿ, "ಮೋನೇ, ಇದ್ ಲೂಸಾಕ್ಕಿ ನೋಕ್ಕ್" ಅಂದರು. ಸಡಿಲ ಮಾಡಿ ನೋಡು ಮಗ ಅಂತ. ಅರ್ಧ ಸುತ್ತು ಬಿಟ್ಟೆ. ಟಕ್.

ನಾಚಿಕೆಯಾಯಿತು. ಆ ನಟ್ಟು ಬಿಗಿ ಮಾಡಿದವನು ನಾನೇ. ಐಡ್ಲಿಂಗ್ (ಆಕ್ಸಿಲೇಟರ್ ಬಿಟ್ಟಾಗಿನ ಎಂಜಿನ್ನಿನ ಓಟ) ಏರಿಳಿಯುತ್ತಿತ್ತು, ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಪ್ರತಿ ಸಲ ಜೋಡಿಸುವಾಗ ಇನ್ನೊಂದು ಕಾಲು ಸುತ್ತು ಜಾಸ್ತಿ ಕೊಡುತ್ತಿದ್ದೆ. ಕಾರ್ಬೊರೇಟರಿನ ಬಾಡಿ ಮೆದು ಲೋಹ. ಹಿಡಿಸುವ ಪಟ್ಟಿಯ ಎರಡು ತುದಿಯನ್ನು ಜಗ್ಗಿದರೆ ಅದು ಬಿಲ್ಲಿನ ಹಾಗೆ ಬಾಗುತ್ತದೆ. ಜತೆಗೆ ಸ್ಲೈಡ್ ಓಡಾಡುವ ಉರುಟು ಗೂಡು ಒಂದು ಎಳೆಯಷ್ಟು ಮೊಟ್ಟೆಯ ಆಕಾರಕ್ಕೆ ಹೋಗುತ್ತದೆ. ಎಂಜಿನ್ನು ಬಿಸಿಯಾದಾಗ ಅದು ಸ್ಲೈಡನ್ನು ಕಚ್ಚಿಕೊಳ್ಳುತ್ತದೆ. ಬಿಚ್ಚಿ ಮೇಜಿನ ಮೇಲಿಟ್ಟರೆ ಒತ್ತಡ ಇಲ್ಲ, ಮತ್ತೆ ಉರುಟು. ಅದಕ್ಕೇ ಪ್ರತಿ ಸಲ ತೊಳೆದ ಮೇಲೆ ಸರಿಯಾದ ಹಾಗೆ ಕಂಡದ್ದು. ಮೆಷಿನ್ ಅಲ್ಲ, ಬಿಚ್ಚಿದ್ದೇ ಮದ್ದು! ಮತ್ತೆ ಜೋಡಿಸಿದ್ದೇ ಕಾಯಿಲೆ.

ರಿಪೇರಿಗೆ ಆದ ಖರ್ಚು ಒಂದು ಎಮರಿ ಪೇಪರಿನ ಕ್ರಯ. ಹಳೇ ಕಿಟಕಿಯ ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಹಾಸಿ, ನೀರು ಚಿಮುಕಿಸಿ, ಬಾಡಿಯ ಪಟ್ಟಿಯನ್ನು ಮೆಲ್ಲ ಉಜ್ಜಿದೆ. ಕನ್ನಡದ 8 ಅಲ್ಲ, ಇಂಗ್ಲಿಷಿನ 8 ಬರೆದ ಹಾಗೆ ತಿರುಗಿಸಬೇಕು, ಆಗ ಒಂದೇ ಬದಿ ಸವೆಯುವುದಿಲ್ಲ. ಮೊದಲು ಎರಡು ತುದಿ ಮಾತ್ರ ಹೊಳೆಯಿತು, ನಡುವೆ ಮಂಕು. ಅಂದರೆ ಬಾಗಿದೆ ಅಂತ ಅರ್ಥ. ಪೂರ್ತಿ ಒಂದೇ ಹೊಳಪು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಎಂಜಿನ್ನಿಗೂ ಕಾರ್ಬೊರೇಟರಿಗೂ ನಡುವಿನ ಹೈಲಂ (ಗಟ್ಟಿ ಹಾಳೆಯ) ಪ್ಯಾಕಿಂಗನ್ನೂ ಹಾಗೇ ಸಮ ಮಾಡಿ, ಹೊಸ ರಬ್ಬರ್ ಓ ರಿಂಗ್ ಹಾಕಿ, ನೈಲಾನ್ ಇರುವ ನಟ್ಟು ಕೊಟ್ಟೆ. ಅದು ತಾನಾಗಿ ಸಡಿಲ ಆಗುವುದಿಲ್ಲ, ಹಾಗಾಗಿ ಬಲ ಹಾಕಬೇಕಾಗಿಲ್ಲ. ಒಂದು ಆಚೆ ಸ್ವಲ್ಪ, ಒಂದು ಈಚೆ ಸ್ವಲ್ಪ, ನಡುನಡುವೆ ಟಕ್ ಕೇಳುತ್ತದಾ ಅಂತ ನೋಡುತ್ತಾ. ಗಾಳಿ ತಡೆಯುವುದು ರಿಂಗಿನ ಕೆಲಸ, ತೋಳಿನದ್ದಲ್ಲ.

ಆ ಹೊತ್ತಿಗೆ ಸ್ಲೈಡನ್ನೇ ಉಜ್ಜಿ ಸಣ್ಣ ಮಾಡಲು ಹೊರಟಿದ್ದೆ. ಏಟ್ಟ ತಡೆದದ್ದು ಒಳ್ಳೆಯದಾಯಿತು. ಸ್ಲೈಡ್ ಸವೆದರೆ ಸುತ್ತ ಗಾಳಿ ನುಗ್ಗುತ್ತದೆ, ಐಡ್ಲಿಂಗ್ ಮತ್ತೆ ನಿಲ್ಲುವುದೇ ಇಲ್ಲ. ಜಾರಲಿ ಅಂತ ಎಣ್ಣೆ ಹಚ್ಚುವುದೂ ಬೇಡ, ನಮ್ಮ ಕೆಂಪು ಧೂಳು ಅದಕ್ಕೆ ಬಂದು ಕೂತು ಎರಡೇ ದಿನಕ್ಕೆ ಗೊಜ್ಜು.

ನಟ್ಟು ಸಡಿಲ ಮಾಡಿದರೂ ಟಕ್ ಬರದಿದ್ದರೆ ಕೇಬಲ್ ನೋಡಿ. ಎಂಜಿನ್ನು ಓಡುತ್ತಿರುವಾಗ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಶಬ್ದ ಏರಿದರೆ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ, ಟ್ಯಾಂಕಿನ ಕೆಳಗೆ ದಾರಿ ತಪ್ಪಿದೆ. ಒಳಗಿನ ತಂತಿಯ ಒಂದು ಎಳೆ ಕಡಿದಿದ್ದರೂ ಸಿಕ್ಕಿಕೊಳ್ಳುತ್ತದೆ. ಹೊಸ ಕೇಬಲ್ ಹಾಕಿ, ಎಣ್ಣೆ ಬಿಡುವ ಯೋಚನೆ ಬಿಡಿ. ಮೇಲಿನ ಮುಚ್ಚಳ ಓರೆಯಾಗಿ ಕೂತಿದ್ದರೂ ಹೀಗೇ.

ಪೆಟ್ರೋಲು ತೊಟ್ಟಿಕ್ಕುವುದು ಬೇರೆ ಅಂಟು. ಫ್ಲೋಟಿನ ಸೂಜಿ ಮೇಲೆ ಕಸ ಕೂತದ್ದು. ಬಟ್ಟಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಸಲ ತಟ್ಟಿದರೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ಆ ಕಸ ತೆಗೆಯುವ ಕೆಲಸಕ್ಕೆ ಮೆಷಿನ್ನಿಗೆ ಪೂರ್ತಿ ಮಾರ್ಕು.

ಇನ್ನು ಮೆಷಿನ್ನಿನ ದೂರು. ಟೈಮರಿನ ಗುಂಡಿ ಮೊದಲ ಮಳೆಗಾಲದಲ್ಲೇ ಜಾಮ್, ಒಳಗೆ ತೇವ. ಒಂದು ವಾರ ಅಕ್ಕಿ ಡಬ್ಬದಲ್ಲಿಟ್ಟ ಮೇಲೆ ಸರಿಯಾಯಿತು. ಮುಚ್ಚಳ ಸುಮ್ನೆ ಹೆಸರಿಗೆ. ಶಬ್ದ ಎಷ್ಟು ಅಂದರೆ ನಾಯಿ ಅಂಗಳ ಬಿಟ್ಟು ತೋಟಕ್ಕೆ ಹೋಗುತ್ತದೆ. ಎರಡು ಲೀಟರಿನ ತೊಟ್ಟಿಗೆ ವಿಎಂ 24 ಹಿಡಿಯುತ್ತದೆ, ಅದಕ್ಕಿಂತ ದೊಡ್ಡದಾದರೆ ಓರೆಯಾಗಿ ಇಡಬೇಕು. ಶಕ್ತಿ ಮಾತ್ರ ಕುಂದಿಲ್ಲ. ಅಲ್ಯೂಮಿನಿಯಂ ಫಾಯಿಲ್ ಚೂರು ನೀರಲ್ಲಿ ಒಂದು ನಿಮಿಷ ಹಿಡಿದರೆ ಈಗಲೂ ಜಾಲರಿಯ ಹಾಗೆ ತೂತು ಬೀಳುತ್ತದೆ. ದೂರು ಬರೆಯುವ ಮೊದಲು ಈ ಪರೀಕ್ಷೆ ಗೊತ್ತಿದ್ದಿದ್ದರೆ!

ಹೊಸ ಮಾರ್ಕು ಐದಕ್ಕೆ ಮೂರೂವರೆ. ಒಂದೇ ಗಾಡಿ ಇರುವವರು ಇದಕ್ಕೆ ದುಡ್ಡು ಹಾಕಬೇಡಿ. ಮಳೆಗಾಲಕ್ಕೆ ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲು ಖಾಲಿ ಮಾಡಿ ಇಡಿ, ಅರ್ಧ ಕಾಯಿಲೆ ಬರುವುದೇ ಇಲ್ಲ. ನಾನೂ ಈಗ ಮೇ ಕೊನೆಗೆ ಅದನ್ನೇ ಮಾಡುವುದು. ನಾಲ್ಕೈದು ಹಳೇ ಗಾಡಿ ಇರುವ ಗೆಳೆಯರ ಗುಂಪಿದ್ದರೆ ಒಟ್ಟು ಸೇರಿ ಒಂದು ತೆಗೆದುಕೊಳ್ಳಬಹುದು.

ಹೀಟರ್ ಎರಡನೇ ವರ್ಷ ಸುಟ್ಟುಹೋಯಿತು. ರಿಪೇರಿ ಮಾಡಿಸಲಿಲ್ಲ. ಬಚ್ಚಲ ಹಂಡೆಯಲ್ಲಿ ಯಾವಾಗಲೂ ಬಿಸಿನೀರು ಇರುತ್ತದೆ, ಎರಡು ತಂಬಿಗೆ ತಂದು ಸುರಿದರಾಯಿತು.